ಚಾರ್ಜಿಂಗ್ ಪೋರ್ಟ್ ಕೆಟ್ಟರೆ ಮದರ್‌ಬೋರ್ಡ್ ಬದಲಿಸುವುದಕ್ಕೆ ಮೊದಲು

ಚಾರ್ಜರಿನ (ಅಡಾಪ್ಟರಿನ) ಪಿನ್ನನ್ನು ಒಂದು ಕಡೆಗೆ ಒತ್ತಿ ಹಿಡಿದರೆ ಮಾತ್ರ ಲ್ಯಾಪ್‌ಟಾಪ್ ಚಾರ್ಜ್ ಆಗುತ್ತದೆ, ಕೈ ಬಿಟ್ಟರೆ ನಿಂತುಹೋಗುತ್ತದೆ. ಅಂಗಡಿಗೆ ಒಯ್ದರೆ ‘ಬೋರ್ಡ್ ಹೋಗಿದೆ, ಹತ್ತು ಹದಿನೈದು ಸಾವಿರ ಆಗುತ್ತೆ’ ಅನ್ನುವವರಿದ್ದಾರೆ. ಓದುವ ಮಕ್ಕಳಿರುವ ಮನೆಗೆ ಅದು ಸಣ್ಣ ಮೊತ್ತವಲ್ಲ. ಒಪ್ಪಿಕೊಳ್ಳುವ ಮೊದಲು ಒಂದು ಪ್ರಶ್ನೆ ಕೇಳಿ: ‘ಸರ್, ಇದು ಕೇಬಲ್ ಜ್ಯಾಕಾ, ಬೋರ್ಡಿಗೆ ಸೋಲ್ಡರ್ ಮಾಡಿರೋ ಜ್ಯಾಕಾ?’ ಜ್ಯಾಕ್ ಅಂದರೆ ಚಾರ್ಜರ್ ಪಿನ್ ಸೇರುವ ಪೋರ್ಟ್. ಕೇಬಲ್ ಜ್ಯಾಕ್ ವೈರ್ ಮತ್ತು ಕನೆಕ್ಟರ್ ಮೂಲಕ ಬೋರ್ಡಿಗೆ ಸೇರಿರುತ್ತದೆ, ಇನ್ನೊಂದನ್ನು ಬೋರ್ಡಿಗೇ ಲೋಹ ಕರಗಿಸಿ ಬೆಸೆದಿರುತ್ತಾರೆ. ಖರ್ಚು ನಿಂತಿರುವುದು ಈ ಉತ್ತರದ ಮೇಲೆ.

ಅದಕ್ಕೂ ಮೊದಲು ಅಡಾಪ್ಟರ್ ನೋಡಿ. ಮಲ್ಟಿಮೀಟರನ್ನು ಡಿಸಿ 200 ವೋಲ್ಟ್ ರೇಂಜಿಗೆ ಇಡಿ. 20ರ ರೇಂಜಿನಲ್ಲಿಟ್ಟರೆ ಲೆನೊವೊದ 20 ವೋಲ್ಟ್ ಅಳತೆ ಮೀರಿ ಬರೀ ‘1’ ತೋರಿಸಬಹುದು. ಕೆಂಪು ಕಡ್ಡಿ ಪಿನ್ನಿನ ಒಳಗೋಡೆಗೆ, ಕಪ್ಪು ಹೊರಮೈಗೆ. ಎರಡೂ ಒಂದಕ್ಕೊಂದು ತಾಗದಂತೆ ಹುಷಾರು. ಡೆಲ್, ಎಚ್‌ಪಿಯಲ್ಲಿ 19.5, ಏಸರ್‌ನಲ್ಲಿ 19 ವೋಲ್ಟ್ ಆಸುಪಾಸು ಬರಬೇಕು. ಅಳೆಯುತ್ತಲೇ ಪಿನ್ನಿನ ಬುಡದಲ್ಲಿ ವೈರನ್ನು ಅಲ್ಲಾಡಿಸಿ. ಅಂಕಿ ಕುಣಿದರೆ ಒಳಗೆ ವೈರ್ ತುಂಡಾಗಿದೆ, ಪೋರ್ಟನ್ನು ಮುಟ್ಟುವುದೇ ಬೇಡ.

ಡೆಲ್, ಎಚ್‌ಪಿ ಪಿನ್ನಿನ ನಡುವೆ ಇರುವ ಸೂಜಿಯಿಂದ ಕರೆಂಟ್ ಬರುವುದಿಲ್ಲ. ಅದು ಅಡಾಪ್ಟರ್ ಯಾವುದು ಎಂದು ಲ್ಯಾಪ್‌ಟಾಪಿಗೆ ತಿಳಿಸುವ ದಾರಿ. ಡೆಲ್‌ನಲ್ಲಿ ಈ ಸೂಜಿ ಸೊಟ್ಟಗಾದರೆ ಅಥವಾ ಜ್ಯಾಕಿನಲ್ಲಿ ಅದರ ತೆಳು ವೈರ್ ಕಿತ್ತರೆ ಲ್ಯಾಪ್‌ಟಾಪ್ ಓಡುತ್ತದೆ, ಆದರೆ ನಿಧಾನವಾಗುತ್ತದೆ, ಬ್ಯಾಟರಿ ತುಂಬುವುದಿಲ್ಲ. ಇದು ಗೊತ್ತಿಲ್ಲದೆ ಎಷ್ಟೋ ಜನ ಹೊಸ ಬ್ಯಾಟರಿಗೆ ದುಡ್ಡು ಸುರಿಯುತ್ತಾರೆ.

ಡೆಲ್ ಇನ್‌ಸ್ಪಿರಾನ್ 15 3000 ಸರಣಿಯ, ಎಚ್‌ಪಿ 15 ಸರಣಿಯ ಹಲವು ಮಾಡೆಲ್‌ಗಳಲ್ಲಿ ಇರುವುದು ಕೇಬಲ್ ಜ್ಯಾಕ್. ಕಂಪನಿಯ ಜಾಲತಾಣದಲ್ಲಿ ಸರ್ವೀಸ್ ಮ್ಯಾನುಯಲ್ ಉಚಿತವಾಗಿ ಸಿಗುತ್ತದೆ, ಅದರಲ್ಲಿ ಜ್ಯಾಕಿನ ಚಿತ್ರವೂ ಬಿಚ್ಚುವ ಕ್ರಮವೂ ಇರುತ್ತದೆ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಾಗಲಿ ಆನ್‌ಲೈನಿನಲ್ಲಾಗಲಿ ಈ ಕೇಬಲ್ ಸುಮಾರು 200ರಿಂದ 500 ರೂಪಾಯಿ. ಸೋಲ್ಡರಿಂಗ್ ಬೇಕಿಲ್ಲ. ಹಿಂಬದಿ ಮುಚ್ಚಳ ತೆಗೆದು (ಕೆಲವು ಸ್ಕ್ರೂ ರಬ್ಬರ್ ಕಾಲಿನ ಅಡಿಯಲ್ಲಿ ಅಡಗಿರುತ್ತವೆ), ಮೊದಲು ಬ್ಯಾಟರಿಯ ಕನೆಕ್ಟರ್ ಬಿಚ್ಚಿ. ಜ್ಯಾಕಿನ ಕನೆಕ್ಟರನ್ನು ವೈರ್ ಹಿಡಿದು ಎಳೆಯಬೇಡಿ, ಪ್ಲಾಸ್ಟಿಕ್ ತಲೆಯನ್ನೇ ಹಿಡಿದು ಬಿಡಿಸಿ. ಬಹಳ ಕಡೆ ಕೇಬಲ್ ಸ್ಕ್ರೀನಿನ ಹಿಂಜ್ ಕೆಳಗೆ ಹಾದುಹೋಗಿರುತ್ತದೆ, ಹಿಂಜ್ ಸ್ಕ್ರೂ ತೆಗೆಯದೆ ಹೊರಬರುವುದಿಲ್ಲ. ಹಳೇ ಕೇಬಲ್ ಜೊತೆಗಿಟ್ಟುಕೊಂಡೇ ಹೊಸದನ್ನು ಕೊಳ್ಳಿ. ವೈರಿನ ಉದ್ದ, ಕನೆಕ್ಟರಿನ ಪಿನ್ ಎಣಿಕೆ ಎರಡೂ ತಾಳೆಯಾಗಬೇಕು.

ಇಲ್ಲಿ ಎಲ್ಲರೂ ಕಡೆಗಣಿಸುವುದು ಜ್ಯಾಕ್ ಕೂರುವ ಪ್ಲಾಸ್ಟಿಕ್ ಗೂಡನ್ನು. ಅದರ ಗೋಡೆ ಮುರಿದಿದ್ದರೆ ಹೊಸ ಜ್ಯಾಕೂ ಅಲ್ಲಾಡಿ ಅಲ್ಲಾಡಿ ಕೆಲವೇ ತಿಂಗಳಲ್ಲಿ ಕೆಡುತ್ತದೆ. ಅರಾಲ್ಡೈಟ್ ಹಚ್ಚಿ, ಅಡಾಪ್ಟರ್ ಪಿನ್ ನೇರವಾಗಿ ಹೋಗುತ್ತದೆಯೇ ಎಂದು ನೋಡಿಕೊಂಡು, ರಾತ್ರಿಯಿಡೀ ಒಣಗಲು ಬಿಡಿ. ಫೆವಿಕ್ವಿಕ್ ಬೇಡವೇ ಬೇಡ, ಅದು ತೆಳ್ಳಗೆ ಹರಿದು ಜ್ಯಾಕಿನೊಳಗೆ ಇಳಿದು ಸಂಪರ್ಕವನ್ನೇ ಕೆಡಿಸುತ್ತದೆ.

ಬೋರ್ಡಿಗೆ ಸೋಲ್ಡರ್ ಮಾಡಿದ ಜ್ಯಾಕ್ ಆದರೆ ಮನೆಯಲ್ಲಿ ಕೈಹಾಕಬೇಡಿ. ಅದರ ಗ್ರೌಂಡ್ (ನೆಗೆಟಿವ್) ಕಾಲುಗಳು ಬೋರ್ಡಿನ ಅಗಲವಾದ ತಾಮ್ರದ ಪದರಕ್ಕೆ ಸೇರಿರುತ್ತವೆ, 25 ವ್ಯಾಟ್ ಸೋಲ್ಡರಿಂಗ್ ಐರನ್ನಿನ ಶಾಖವನ್ನೆಲ್ಲ ಆ ತಾಮ್ರವೇ ಎಳೆದುಕೊಳ್ಳುತ್ತದೆ. ಅರ್ಧ ಕರಗಿದಾಗ ಜಗ್ಗಿದರೆ ತೂತಿನೊಳಗಿನ ತಾಮ್ರವೂ ಕಿತ್ತುಬರುತ್ತದೆ. ಆಗ ನಿಜವಾಗಿಯೂ ಬೋರ್ಡ್ ಹೋದಂತೆ. ಕಸುಬು ಬಲ್ಲವರು ಫ್ಲಕ್ಸ್ (ಸೋಲ್ಡರ್ ಸಲೀಸಾಗಿ ಹರಿಯಲು ಬಳಸುವ ವಸ್ತು) ಹಚ್ಚಿ, 183 ಡಿಗ್ರಿಗೇ ಕರಗುವ ಸೀಸದ ಸೋಲ್ಡರನ್ನು ಹಳೆಯದರ ಜೊತೆ ಬೆರೆಸಿ ಸಡಿಲಗೊಳಿಸಿಯೇ ಜ್ಯಾಕ್ ಎತ್ತುತ್ತಾರೆ. ‘ಚಿಪ್ ಲೆವೆಲ್ ಸರ್ವೀಸ್’ ಎಂಬ ನಾಮಫಲಕವಿರುವ ಅಂಗಡಿಗೆ ಹೋಗಿ. ಸಾಮಾನ್ಯವಾಗಿ 600ರಿಂದ 1,200 ರೂಪಾಯಿಯಲ್ಲಿ ಮುಗಿಯುತ್ತದೆ. ಹಳೇ ಜ್ಯಾಕ್ ತೆಗೆದ ಮೇಲೆ ಬೋರ್ಡಿನ ಪಾಸಿಟಿವ್ ಮತ್ತು ಗ್ರೌಂಡ್ ನಡುವೆ ಶಾರ್ಟ್ ಇದೆಯೇ ಎಂದು ಮೀಟರ್ ಇಟ್ಟು ನೋಡಲು ಹೇಳಿ. ಬೀಪ್ ಶಬ್ದ ನಿಲ್ಲದೆ ಬಂದರೆ ಬೋರ್ಡಿನ ಮೇಲಿನ ಕೆಪಾಸಿಟರೋ ಮಾಸ್‌ಫೆಟ್ಟೋ (ಕರೆಂಟ್ ಬಿಡುವ, ತಡೆಯುವ ಬಿಡಿಭಾಗ) ಸುಟ್ಟಿರಬಹುದು. ಹೊಸ ಜ್ಯಾಕೊಂದರಿಂದಲೇ ಅದು ಸರಿಹೋಗುವುದಿಲ್ಲ.

ಟೈಪ್-ಸಿ ಆದರೆ ಲ್ಯಾಪ್‌ಟಾಪ್ ಪೂರ್ತಿ ಆಫ್ ಮಾಡಿ, ಮರದ ಟೂತ್‌ಪಿಕ್ಕಿನಿಂದ ಒಳಗಿನ ನೂಲು, ಧೂಳು ತೆಗೆದು ನೋಡಿ. ಎಷ್ಟೋ ‘ಹಾಳಾದ’ ಪೋರ್ಟ್ ಅಷ್ಟಕ್ಕೇ ಸರಿಹೋಗುತ್ತದೆ. ಥಿಂಕ್‌ಪ್ಯಾಡ್ ಟಿ480ಯಂಥವುಗಳಲ್ಲಿ ಎರಡು ಟೈಪ್-ಸಿ ಇರುತ್ತವೆ, ಇನ್ನೊಂದರಲ್ಲೂ ಚಾರ್ಜ್ ಆಗುತ್ತದೆ. ಪಿಡಿ (ಪವರ್ ಡೆಲಿವರಿ, ಟೈಪ್-ಸಿಯ ಚಾರ್ಜಿಂಗ್ ವಿಧಾನ) ಚಾರ್ಜರ್ ಮೊದಲು ಕೊಡುವುದು 5 ವೋಲ್ಟ್ ಮಾತ್ರ, ಪೋರ್ಟಿನ ಸಿಸಿ ಎಂಬ ಪಿನ್ನಿನ ಮೂಲಕ ಲ್ಯಾಪ್‌ಟಾಪಿನ ಜೊತೆ ಮಾತುಕತೆ ನಡೆದ ಮೇಲೆಯೇ 20ಕ್ಕೆ ಏರುತ್ತದೆ. ನಡುವೆ ಸಿಕ್ಕಿಸಿ ವೋಲ್ಟ್ ನೋಡುವ ಯುಎಸ್‌ಬಿ ಟೆಸ್ಟರಿನಲ್ಲಿ ಅಂಕಿ 5ಕ್ಕೇ ನಿಂತರೆ, ಚಾರ್ಜರ್ ಕೇಬಲ್ ಎರಡೂ ಸರಿಯಿದ್ದರೆ, ಆ ಪಿನ್ ಅಥವಾ ಅದರ ಹಿಂದಿನ ಚಿಪ್ ಕೆಟ್ಟಿರಬಹುದು. ಇನ್ನು ಮ್ಯಾಕ್‌ಬುಕ್ ಏರ್, ಪ್ರೊ ಮಾಡೆಲ್‌ಗಳಲ್ಲಿ ಟೈಪ್-ಸಿ ಪೋರ್ಟ್ ಬೇರೆಯೇ ಸಣ್ಣ ಬೋರ್ಡಾಗಿರುತ್ತದೆ. ಪೋರ್ಟಿಗಾಗಿ ಲಾಜಿಕ್ ಬೋರ್ಡ್ (ಮ್ಯಾಕ್‌ಬುಕ್‌ನ ಮದರ್‌ಬೋರ್ಡ್) ಬದಲಿಸಬೇಕು ಅಂದರೆ ಇನ್ನೊಂದು ಅಂಗಡಿಯಲ್ಲಿ ಕೇಳಿ.

ಹಳೇ ಜ್ಯಾಕನ್ನು ವಾಪಸ್ ಕೇಳಿ ಪಡೆಯಿರಿ. ದುಡ್ಡು ಕೊಡುವ ಮೊದಲು ಅಲ್ಲೇ ಕಾಲು ಗಂಟೆ ಚಾರ್ಜಿಗಿಟ್ಟು ವಿಡಿಯೋ ಓಡಿಸಿ, ಆಮೇಲೆ ಪಿನ್ನಿನ ಬುಡ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಪರವಾಗಿಲ್ಲ. ಬೆರಳು ಇಡಲಾಗದಷ್ಟು ಬಿಸಿಯಾಗಿದ್ದರೆ ಸೋಲ್ಡರ್ ಸರಿಯಾಗಿ ಕೂತಿಲ್ಲ ಅಥವಾ ಅಡಾಪ್ಟರ್ ಪಿನ್ನೇ ಸವೆದಿದೆ. ಸವೆದ ಪಿನ್ ಹೊಸ ಜ್ಯಾಕನ್ನೂ ಸುಡುತ್ತದೆ, ಅದನ್ನೂ ಆಗಲೇ ಬದಲಿಸಿಕೊಳ್ಳಿ.