ಮಣ್ಣು ಪರೀಕ್ಷೆಯ ವರದಿಯಲ್ಲಿ ಇಲ್ಲದ ಒಂದು ಸಾಲು

ತಮ್ಮ ಕಳಿಸಿದ ಮಣ್ಣಿನ ವರದಿಯ ಚಿತ್ರ ಮೊಬೈಲಿನಲ್ಲಿದೆ. ಲಭ್ಯ ರಂಜಕ (ಫಾಸ್ಫರಸ್) ಹೆಕ್ಟೇರಿಗೆ 31 ಕಿಲೋ, ಪಕ್ಕದಲ್ಲಿ ‘ಮಧ್ಯಮ’ ಎಂಬ ಮಾತು. ಇದಕ್ಕೆ ರಂಜಕದ ಗೊಬ್ಬರವಾದ ಡಿಎಪಿ ಎಷ್ಟು ಹಾಕಬೇಕು ಎಂದು ಅವನು ಕೇಳಿದ್ದಾನೆ. ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ ಮಣ್ಣಿನ ಪ್ರಯೋಗಾಲಯದ ಕೆಲಸವನ್ನೇ ಮಾಡಿಕೊಂಡಿರುವ ನನಗೆ ಉತ್ತರ ಕೊಡಲು ಅರ್ಧ ದಿನ ಹಿಡಿಯಿತು.

31 ಕಿಲೋ ಎಂದರೆ ಯಾವುದರ 31? ಅದು ರಂಜಕ ಧಾತುವಿನ ಲೆಕ್ಕವೇ, ಗೊಬ್ಬರದ ಚೀಲದ ಮೇಲೆ ಬರೆಯುವ ಹಾಗೆ ರಂಜಕವೂ ಆಮ್ಲಜನಕವೂ ಕೂಡಿದ ಪೆಂಟಾಕ್ಸೈಡಿನ ಲೆಕ್ಕವೇ? ಎರಡರ ನಡುವಿನ ಗುಣಕ 2.29. ಧಾತುವಿನ ಲೆಕ್ಕವಾದರೆ 31 ಎಂಬುದು ಭಾರತದಲ್ಲಿ ಬಳಕೆಯಲ್ಲಿರುವ 25 ಕಿಲೋ ಗಡಿಯನ್ನು ದಾಟಿ ‘ಹೆಚ್ಚು’ ಆಗಬೇಕಿತ್ತು. ಪೆಂಟಾಕ್ಸೈಡಿನ ಲೆಕ್ಕವಾದರೆ ಧಾತು ಸುಮಾರು ಹದಿಮೂರೂವರೆ ಕಿಲೋ ಮಾತ್ರ, ಅದು ‘ಮಧ್ಯಮ’. ವರದಿಯಲ್ಲಿ ಆ ಮಾತು ಇದ್ದುದರಿಂದ ಪೆಂಟಾಕ್ಸೈಡ್ ಇರಬೇಕು ಎಂದು ಊಹಿಸಿದೆ. ಇನ್ನು, ಆ ರಂಜಕವನ್ನು ಮಣ್ಣಿನಿಂದ ಹೊರತೆಗೆದದ್ದು ಯಾವ ದ್ರಾವಣದಿಂದ? ಆ ಒಂದು ಸಾಲು ಎಲ್ಲಿಯೂ ಇರಲಿಲ್ಲ. ಸಾವಿರಾರು ಮೈಲಿ ದೂರದಲ್ಲಿ ಕುಳಿತು ನಾನು ಹೇಳಬೇಕೆಂದಿರುವುದೆಲ್ಲ ಆ ಸಾಲಿನ ಬಗ್ಗೆಯೇ.

ಮಣ್ಣಿನಲ್ಲಿರುವ ಒಟ್ಟು ರಂಜಕದಲ್ಲಿ ಬೇರಿಗೆ ದಕ್ಕುವುದು ತೀರ ಸಣ್ಣ ಪಾಲು. ಆ ಪಾಲನ್ನು ನೇರವಾಗಿ ಅಳೆಯುವ ಉಪಕರಣ ಇಲ್ಲ. ಬೇರು ಮಾಡುವ ಕೆಲಸವನ್ನು ಹೆಚ್ಚುಕಡಿಮೆ ಅನುಕರಿಸುವ ಒಂದು ದ್ರಾವಣವನ್ನು ಮಣ್ಣಿಗೆ ಹಾಕಿ ಅಲುಗಾಡಿಸಿ, ಕರಗಿ ಬಂದಷ್ಟನ್ನು ಅಳೆಯುತ್ತೇವೆ. 1945ರಲ್ಲಿ ಬ್ರೇ ಮತ್ತು ಕರ್ಟ್ಜ್ ಎಂಬ ವಿಜ್ಞಾನಿಗಳು ಆಮ್ಲ ಮಣ್ಣಿಗೆ ಹೊಂದುವಂತೆ ಫ್ಲೋರೈಡ್ ಬೆರೆತ, ತೆಳುವಾಗಿಸಿದ ಆಮ್ಲವನ್ನು ಬಳಸಿದರು. 1954ರಲ್ಲಿ ಓಲ್ಸನ್ ಮತ್ತು ಸಂಗಡಿಗರು ಸುಣ್ಣದ ಅಂಶವಿರುವ ಮಣ್ಣಿಗಾಗಿ ರಸಸಾರ (ಪಿಎಚ್) 8.5ರ ಸೋಡಿಯಂ ಬೈಕಾರ್ಬೋನೇಟ್ ದ್ರಾವಣವನ್ನು ತಂದರು. ನಾನಿರುವ ರಾಜ್ಯದಲ್ಲೇ ದುಡಿದ ಅಡಾಲ್ಫ್ ಮೆಹ್ಲಿಕ್ 1984ರಲ್ಲಿ ಪ್ರಕಟಿಸಿದ ಮೆಹ್ಲಿಕ್-3 ದ್ರಾವಣ ರಂಜಕ, ಪೊಟ್ಯಾಷ್, ಕ್ಯಾಲ್ಸಿಯಂ, ಮೆಗ್ನೀಸಿಯಂ, ಸತು, ತಾಮ್ರ, ಮ್ಯಾಂಗನೀಸ್ ಎಲ್ಲವನ್ನೂ ಐದೇ ನಿಮಿಷದ ಅಲುಗಾಟದಲ್ಲಿ ಒಟ್ಟಿಗೆ ಹೊರತರುತ್ತದೆ. ಒಂದೇ ಚೀಲದ ಮಣ್ಣನ್ನು ಈ ಮೂರಕ್ಕೂ ಕೊಟ್ಟರೆ ಮೂರು ಬೇರೆ ಅಂಕಿಗಳು ಬರುತ್ತವೆ. ಮೂರೂ ಸರಿಯೇ. ದ್ರಾವಣದ ಹೆಸರು ಗೊತ್ತಿಲ್ಲದವನಿಗೆ ಮಾತ್ರ ಮೂರೂ ನಿರುಪಯುಕ್ತ.

ಇಲ್ಲಿಗೆ ಬಂದ ಹೊಸದರಲ್ಲಿ ನನ್ನ ಕಣ್ಣು ಕುಕ್ಕಿದ್ದು ಯಂತ್ರಗಳು. ನಮ್ಮಲ್ಲಿ ಒಂದೊಂದು ಧಾತುವಿಗೂ ಬೇರೆ ಬೇರೆ ಸಾರ ತೆಗೆದು, ಬಣ್ಣ ಬರಿಸಿ, ಜ್ವಾಲೆಗೆ ಹಿಡಿದು ಅಳೆಯುತ್ತಿದ್ದ ಕೈಗೆ, ಒಂದು ಪ್ಲಾಸ್ಮಾ ಯಂತ್ರ ಒಂದೇ ಬಟ್ಟಲಿನಿಂದ ಹತ್ತಾರು ಧಾತುಗಳನ್ನು ಓದಿ ಮುಗಿಸುವುದು ಬೆರಗಿನ ಸಂಗತಿಯೇ. ಊರಿಗೂ ಇಂಥ ಯಂತ್ರ ಬಂದರೆ ಎಲ್ಲ ಸರಿಹೋಗುತ್ತದೆ ಎಂದು ಆಗ ನಂಬಿದ್ದೆ. ಈಗ ಹಾಗೆ ಅನ್ನಿಸುವುದಿಲ್ಲ. ಇಲ್ಲಿನ ಮಣ್ಣು ಬಹುಪಾಲು ಆಮ್ಲೀಯ, ಮೆಹ್ಲಿಕ್ ದ್ರಾವಣ ಇದಕ್ಕೆ ಚೆನ್ನಾಗಿ ಹೊಂದುತ್ತದೆ. ಅದನ್ನು ಸುಣ್ಣ ತುಂಬಿದ ನಮ್ಮ ಎರೆ ಭೂಮಿಗೆ ಹಾಗೇ ಒಯ್ದರೆ, ಸುಣ್ಣ ಆ ಆಮ್ಲದ ಕಸುವನ್ನು ಕುಗ್ಗಿಸುತ್ತದೆ. ಬೆಳೆಗೆ ಸಿಗದೆ ಕ್ಯಾಲ್ಸಿಯಂಗೆ ಕಚ್ಚಿಕೊಂಡಿರುವ ರಂಜಕವೂ ಒಂದಿಷ್ಟು ಕರಗಿ ಲೆಕ್ಕಕ್ಕೆ ಸೇರಬಹುದು. ಅಲ್ಲಿಗೆ ಓಲ್ಸನ್ ವಿಧಾನವೇ ತಕ್ಕದ್ದು. ಹಳೆಯದೆಂಬ ಕಾರಣಕ್ಕೆ ಅದನ್ನು ಬಿಡಬೇಕಾಗಿಲ್ಲ.

ನಾನು ನಿಜಕ್ಕೂ ಹೊಟ್ಟೆಕಿಚ್ಚುಪಡುವುದು ಬೇರೊಂದಕ್ಕೆ. 1965ರಲ್ಲಿ ನಾರ್ತ್ ಕ್ಯಾರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದಿಂದ ಕೇಟ್ ಮತ್ತು ನೆಲ್ಸನ್ ಒಂದು ಸರಳ ಉಪಾಯವನ್ನು ಹೊರತಂದರು. ಹಲವು ಹೊಲಗಳಲ್ಲಿ ಗೊಬ್ಬರ ಹಾಕಿದ ಮತ್ತು ಹಾಕದ ತಾಕುಗಳ ಇಳುವರಿಯನ್ನು ಅಳೆದು, ಹಾಕದ ತಾಕು ಹಾಕಿದ ತಾಕಿನ ಶೇಕಡಾ ಎಷ್ಟು ಕೊಟ್ಟಿತು ಎಂಬುದನ್ನು ಮಣ್ಣು ಪರೀಕ್ಷೆಯ ಅಂಕಿಯ ಎದುರಿಗೆ ಚುಕ್ಕಿಯಾಗಿ ಗುರುತಿಸುವುದು. ಆಮೇಲೆ ಅಡ್ಡ ಮತ್ತು ಉದ್ದ ಗೆರೆ ಎಳೆದ ಒಂದು ಪಾರದರ್ಶಕ ಹಾಳೆಯನ್ನು ಅದರ ಮೇಲಿಟ್ಟು, ಆದಷ್ಟು ಹೆಚ್ಚು ಚುಕ್ಕಿಗಳು ಕೆಳಗಿನ ಎಡಮೂಲೆ ಮತ್ತು ಮೇಲಿನ ಬಲಮೂಲೆಯಲ್ಲಿ ಬೀಳುವವರೆಗೆ ಸರಿಸುವುದು. ಉದ್ದ ಗೆರೆ ನಿಂತ ಜಾಗವೇ ಆ ಮಣ್ಣಿಗೆ, ಆ ಬೆಳೆಗೆ, ಆ ದ್ರಾವಣಕ್ಕೆ ನಿರ್ಣಾಯಕ ಮಟ್ಟ. ಅದಕ್ಕಿಂತ ಕೆಳಗಿದ್ದರೆ ಗೊಬ್ಬರಕ್ಕೆ ಬೆಳೆ ಸ್ಪಂದಿಸುತ್ತದೆ, ಮೇಲಿದ್ದರೆ ಸ್ಪಂದಿಸುವ ಸಂಭವ ಕಡಿಮೆ. ಕಂಪ್ಯೂಟರ್ ಬೇಕಿಲ್ಲ, ಹೊಲಗಳು ಬೇಕು. ಇಲ್ಲಿನ ವರದಿಯಲ್ಲಿ ರೈತನಿಗೆ ಸಿಗುವುದು ಕಿಲೋ ಲೆಕ್ಕವಲ್ಲ, ಒಂದು ಸೂಚ್ಯಂಕ. 25ರವರೆಗೆ ಕಡಿಮೆ, 50ರವರೆಗೆ ಮಧ್ಯಮ, 100ರವರೆಗೆ ಹೆಚ್ಚು, ಅದರಾಚೆ ಬಹಳ ಹೆಚ್ಚು. ಈ ಗೆರೆಗಳ ಹಿಂದೆ ಬೆಳೆದು ಕೊಯ್ದು ತೂಗಿದ ತಾಕುಗಳಿವೆ.

ನಮ್ಮಲ್ಲಿ ಇಂಥ ಕೆಲಸ ಆಗಿಲ್ಲ ಎಂದರೆ ದೊಡ್ಡ ಅನ್ಯಾಯವಾದೀತು. ರಾಮಮೂರ್ತಿ ಮತ್ತು ಸಂಗಡಿಗರು 1967ರ ಹೊತ್ತಿಗೇ ನಿಗದಿತ ಇಳುವರಿಯ ಸಮೀಕರಣಗಳ ದಾರಿಯನ್ನು ಹಾಕಿಕೊಟ್ಟರು. ಒಂದೇ ಹೊಲದಲ್ಲಿ ಪಟ್ಟೆ ಪಟ್ಟೆಯಾಗಿ ಬೇರೆ ಬೇರೆ ಪ್ರಮಾಣದ ಗೊಬ್ಬರ ಹಾಕಿ, ಮೊದಲೊಂದು ಬೆಳೆ ತೆಗೆದು ಫಲವತ್ತತೆಯ ಏರಿಳಿತವನ್ನು ಸೃಷ್ಟಿಸಿ, ಅದರ ಮೇಲೆ ಮುಖ್ಯ ಬೆಳೆಯನ್ನು ಬೆಳೆಯುವ ಉಪಾಯ ಅದು. ಒಂದು ಕ್ವಿಂಟಲ್ ಬೆಳೆಗೆ ಎಷ್ಟು ಪೋಷಕಾಂಶ ಬೇಕು, ಅದರಲ್ಲಿ ಮಣ್ಣು ಕೊಡುವುದೆಷ್ಟು, ಗೊಬ್ಬರ ಕೊಡುವುದೆಷ್ಟು ಎಂಬ ಮೂರೂ ಅದರಿಂದ ಸಿಗುತ್ತವೆ. ನನ್ನ ಮಟ್ಟಿಗೆ ಇದು ಕೇಟ್-ನೆಲ್ಸನ್ ಹಾಳೆಗಿಂತ ಒಂದು ಹೆಜ್ಜೆ ಮುಂದಿನ ಯೋಚನೆ. ಅಖಿಲ ಭಾರತ ಸಮನ್ವಯ ಯೋಜನೆಯಾಗಿ ದಶಕಗಳಿಂದ ನಡೆದುಬಂದಿರುವ ಈ ಕೆಲಸಕ್ಕೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲೂ ಕೇಂದ್ರವಿದೆ. 2009ರಲ್ಲಿ ಕರ್ನಾಟಕ ಸರ್ಕಾರ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆಯಾದ ಇಕ್ರಿಸ್ಯಾಟ್ ಜೊತೆಗೂಡಿ ಆರಂಭಿಸಿದ ಭೂಚೇತನ ಯೋಜನೆ ಖುಷ್ಕಿ ಹೊಲಗಳ ಮಣ್ಣನ್ನು ಪರೀಕ್ಷಿಸಿ, ಗಂಧಕ, ಸತು ಮತ್ತು ಬೋರಾನ್ ಕೊರತೆ ಎಷ್ಟು ವ್ಯಾಪಕವಾಗಿದೆ ಎಂಬುದನ್ನು ತೋರಿಸಿಕೊಟ್ಟಿತು. ಸಾರಜನಕ, ರಂಜಕ, ಪೊಟ್ಯಾಷ್ ಎಂಬ ಮೂರರಲ್ಲೇ ಸುತ್ತುತ್ತಿದ್ದ ಮಾತನ್ನು ಅದು ತಿರುಗಿಸಿತು. ಇಷ್ಟೆಲ್ಲ ಇದ್ದೂ ರೈತನ ಕೈಗೆ ಬರುವ ಹಾಳೆಯಲ್ಲಿ ಕಡಿಮೆ, ಮಧ್ಯಮ, ಹೆಚ್ಚು ಎಂಬ ಮೂರೇ ಮಾತುಗಳಲ್ಲಿ ಎಲ್ಲವೂ ಮುಗಿದುಹೋಗುವುದು ನನಗೆ ಸಂಕಟ ತರುತ್ತದೆ. ಮಲೆನಾಡಿನ ಜಂಬಿಟ್ಟಿಗೆ ಮಣ್ಣಿಗೂ ಬಯಲಿನ ಎರೆಗೂ ಜೇಡಿಯ ಜಾತಿಯೇ ಬೇರೆ. ಪೊಟ್ಯಾಷನ್ನು ಹಿಡಿದಿಡುವ, ಬಿಟ್ಟುಕೊಡುವ ಪರಿಯೂ ಬೇರೆ. ಎರಡಕ್ಕೂ ಒಂದೇ ಗಡಿಯನ್ನು ಹೇಗೆ ಒಪ್ಪುವುದು?

ಇನ್ನೊಂದು ವ್ಯತ್ಯಾಸ ಸಣ್ಣದಾಗಿ ಕಾಣುತ್ತದೆ, ಆದರೆ ನನಗೆ ಬಹಳ ಹಿಡಿಸಿದ್ದು. ನಾವು ಮಣ್ಣನ್ನು ತೂಗಿ, ಬಂದ ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ ಎಷ್ಟು ಪಾಲು ಎಂಬ) ಅಂಕಿಯನ್ನು 2.24ರಿಂದ ಗುಣಿಸಿ ಹೆಕ್ಟೇರಿಗೆ ಇಷ್ಟು ಕಿಲೋ ಎನ್ನುತ್ತೇವೆ. ಹದಿನೈದು ಸೆಂಟಿಮೀಟರ್ ಆಳದ ಎಲ್ಲ ಮಣ್ಣೂ ಹೆಕ್ಟೇರಿಗೆ 22.4 ಲಕ್ಷ ಕಿಲೋ ತೂಗುತ್ತದೆ ಎಂಬ ಎಣಿಕೆ ಅದರೊಳಗೆ ಅಡಗಿದೆ. ಈ ರಾಜ್ಯದಲ್ಲಿ ಮಣ್ಣನ್ನು ಅಳತೆಯ ಚಮಚದಲ್ಲಿ ತೆಗೆದುಕೊಂಡು ಗಾತ್ರದ ಮೇಲೆ ಲೆಕ್ಕ ಹಾಕುತ್ತಾರೆ, ತೂಕಕ್ಕೂ ಗಾತ್ರಕ್ಕೂ ಇರುವ ಅನುಪಾತವನ್ನು ವರದಿಯಲ್ಲೇ ಅಚ್ಚುಹಾಕುತ್ತಾರೆ. ಬೇರು ಹರಡುವುದು ಗಾತ್ರದಲ್ಲಿ, ತಕ್ಕಡಿಯಲ್ಲಲ್ಲ. ಮರಳು ಮಣ್ಣೂ ಸಾವಯವ ಅಂಶ ತುಂಬಿದ ಹಗುರ ಮಣ್ಣೂ ಒಂದೇ ತೂಕದಲ್ಲಿ ಒಂದೇ ಜಾಗವನ್ನು ತುಂಬುವುದಿಲ್ಲ.

ಸಾರಜನಕದ ವಿಷಯದಲ್ಲಂತೂ ಎರಡು ಪದ್ಧತಿಗಳು ಎದುರುಬದುರಾಗಿ ನಿಂತಿವೆ. 1956ರಲ್ಲಿ ಸುಬ್ಬಯ್ಯ ಮತ್ತು ಅಸಿಜ ರೂಪಿಸಿದ ಕ್ಷಾರೀಯ ಪರ್ಮಾಂಗನೇಟ್ ವಿಧಾನ ನಮ್ಮದು. ಹೆಕ್ಟೇರಿಗೆ 280 ಕಿಲೋಗಿಂತ ಕಡಿಮೆ ಬಂದರೆ ‘ಕಡಿಮೆ’, 560 ದಾಟಿದರೆ ‘ಹೆಚ್ಚು’. ಎಷ್ಟೋ ಕಡೆ ಅದನ್ನೂ ಮಾಡದೆ, ಸಾವಯವ ಇಂಗಾಲವನ್ನು ನೋಡಿಯೇ ಸಾರಜನಕವನ್ನು ಅಂದಾಜಿಸುತ್ತಾರೆ. ಇಲ್ಲಿನ ಸಾಮಾನ್ಯ ವರದಿಯಲ್ಲಿ ಸಾರಜನಕದ ಅಂಕಿಯೇ ಇರುವುದಿಲ್ಲ. ಒಂದು ಮಳೆಗೆ ನೀರಿನಲ್ಲಿ ಕರಗುವ ಸಾರಜನಕವಾದ ನೈಟ್ರೇಟ್ ಕೊಚ್ಚಿಹೋಗುತ್ತದೆ, ಬೆಚ್ಚನೆಯ ವಾರವೊಂದಕ್ಕೆ ಸೂಕ್ಷ್ಮಜೀವಿಗಳು ಹೊಸದನ್ನು ಹುಟ್ಟುಹಾಕುತ್ತವೆ. ಬಿತ್ತುವ ಎಷ್ಟೋ ಮೊದಲು ತೆಗೆದ ಮಣ್ಣಿನಲ್ಲಿ ಕಂಡ ಅಂಕಿ ಬೆಳೆಯ ಹೊತ್ತಿಗೆ ಉಳಿದಿರುವುದಿಲ್ಲ. ಅದಕ್ಕೇ ಬೆಳೆಯನ್ನೂ ನಿರೀಕ್ಷಿತ ಇಳುವರಿಯನ್ನೂ ನೋಡಿ ಶಿಫಾರಸು ಮಾಡುತ್ತಾರೆ. ಈ ದೇಶದ ಕೆಲವು ರಾಜ್ಯಗಳಲ್ಲಿ ಮೆಕ್ಕೆಜೋಳ ಒಂದಡಿ ಎತ್ತರ ಬಂದಾಗ ಒಂದಡಿ ಆಳದ ಮಣ್ಣು ತೆಗೆದು ನೈಟ್ರೇಟ್ ಅಳೆಯುವ ಪದ್ಧತಿಯೂ ಇದೆ. ಸುಮಾರು 25 ಪಿಪಿಎಂ ದಾಟಿದ್ದರೆ ಮೇಲುಗೊಬ್ಬರ ಬೇಡ. ಗೊತ್ತಿಲ್ಲದ ಅಂಕಿಯನ್ನು ಅಚ್ಚುಹಾಕದಿರುವ ಈ ಪ್ರಾಮಾಣಿಕತೆ ನನಗೆ ಇಷ್ಟ. ಆದರೆ ಇಂಗಾಲವೇ ಕರಗುತ್ತಿರುವ ನಮ್ಮ ಖುಷ್ಕಿ ನೆಲಕ್ಕೆ ಸಾವಯವ ಇಂಗಾಲದ ಅಂಕಿ ಸಾರಜನಕಕ್ಕಿಂತ ದೊಡ್ಡ ಮಾತನ್ನೇ ಹೇಳುತ್ತದೆ. ಆ ಇಂಗಾಲವನ್ನು ಅಳೆಯುವ 1934ರ ವಾಕ್ಲಿ-ಬ್ಲ್ಯಾಕ್ ವಿಧಾನ ಅಂದಾಜಿನದು, ಅದರಲ್ಲಿ ಬಳಸುವ ಡೈಕ್ರೋಮೇಟ್ ಎಂಬ ಕ್ರೋಮಿಯಂ ರಾಸಾಯನಿಕ ಸುಡುವುದು ಇಂಗಾಲದ ಸುಮಾರು ಶೇಕಡಾ 77ರಷ್ಟನ್ನು ಮಾತ್ರ ಎಂದು ಗುಣಕ ಹಾಕಿಕೊಳ್ಳಬೇಕು, ಉಳಿಯುವ ಕ್ರೋಮಿಯಂ ತ್ಯಾಜ್ಯ ವಿಷಕಾರಿ. ಹಾಗಿದ್ದರೂ ಆ ಪರೀಕ್ಷೆಯನ್ನು ಕೈಬಿಡುವ ಮಾತನ್ನು ನಾನು ಆಡುವುದಿಲ್ಲ.

2015ರ ಫೆಬ್ರುವರಿಯಲ್ಲಿ ಆರಂಭವಾದ ಭಾರತ ಸರ್ಕಾರದ ಮಣ್ಣು ಆರೋಗ್ಯ ಚೀಟಿ ಹನ್ನೆರಡು ಗುಣಗಳನ್ನು ಅಳೆಯುವ ದೊಡ್ಡ ಆಸೆ ಇಟ್ಟುಕೊಂಡಿತು. ಆರಂಭದಲ್ಲಿ ನೀರಾವರಿಯಲ್ಲಿ 2.5 ಹೆಕ್ಟೇರಿಗೆ, ಖುಷ್ಕಿಯಲ್ಲಿ 10 ಹೆಕ್ಟೇರಿಗೆ ಒಂದು ಮಾದರಿ ಎಂದು ಗೊತ್ತುಮಾಡಿದ್ದರು. ಹತ್ತು ಹೆಕ್ಟೇರಿನಲ್ಲಿ ಎಷ್ಟು ಮನೆಗಳ ಹೊಲ ಇರುತ್ತವೆ, ಅವರಲ್ಲಿ ಎಷ್ಟು ಜನ ಕೊಟ್ಟಿಗೆ ಗೊಬ್ಬರ ಹಾಕಿದವರು, ಎಷ್ಟು ಜನ ಹಾಕದವರು? ಅಂಥ ಮಾದರಿ ಪ್ರದೇಶದ ನಕ್ಷೆಗೆ ಸಾಕು, ಒಬ್ಬ ರೈತನ ಗೊಬ್ಬರದ ಲೆಕ್ಕಕ್ಕೆ ಸಾಲದು.

ಪ್ರಯೋಗಾಲಯದ ಒಳಗಿನ ಶಿಸ್ತಿನ ಬಗ್ಗೆ ಒಂದು ಮಾತು. ನಾವು ಇಲ್ಲಿ ಪ್ರತಿ ತಟ್ಟೆಯ ಮಾದರಿಗಳ ನಡುವೆ, ಅಂಕಿ ಮೊದಲೇ ಗೊತ್ತಿರುವ ಮಣ್ಣಿನ ಬಟ್ಟಲೊಂದನ್ನು ಇಡುತ್ತೇವೆ. ಅದರ ಅಂಕಿ ಗೊತ್ತುಪಡಿಸಿದ ಮಿತಿಯಿಂದ ಆಚೆ ಹೋದರೆ ಇಡೀ ತಟ್ಟೆಯನ್ನು ಮತ್ತೆ ಮಾಡಬೇಕು. ಹೊರಗಿನ ಸಂಸ್ಥೆಯೊಂದು ಕಳಿಸುವ ಅಂಕಿ ಗೊತ್ತಿಲ್ಲದ ಮಣ್ಣನ್ನು ಪರೀಕ್ಷಿಸಿ, ನೂರಾರು ಪ್ರಯೋಗಾಲಯಗಳ ನಡುವೆ ನಾವು ಎಲ್ಲಿ ನಿಂತಿದ್ದೇವೆ ಎಂದೂ ನೋಡಿಕೊಳ್ಳುತ್ತೇವೆ. ನಾನು ಮಾಡಿದ ಒಂದು ತಟ್ಟೆಯನ್ನು ಹೀಗೆ ಮೂರು ಸಲ ತಿರಸ್ಕರಿಸಿದ್ದಾರೆ. ಆ ಸಂಜೆ ಸಿಟ್ಟು ಬಂದಿತ್ತು. ಈಗ ಆ ಬಟ್ಟಲು ಇಲ್ಲದ ತಟ್ಟೆಯನ್ನು ನಂಬಲು ನನ್ನಿಂದ ಆಗುವುದಿಲ್ಲ. ಇದಕ್ಕೆ ಪ್ಲಾಸ್ಮಾ ಯಂತ್ರ ಬೇಕಿಲ್ಲ, ಒಂದು ಡಬ್ಬಿ ಮಣ್ಣು ಮತ್ತು ಅದನ್ನು ತಪ್ಪದೆ ಇಡುವ ಕೈ ಸಾಕು.

ತಮ್ಮನಿಗೆ ಕೊನೆಗೂ ಗೊಬ್ಬರದ ಪ್ರಮಾಣ ಹೇಳಲಿಲ್ಲ. ಹೊಸದಾಗಿ ಮಣ್ಣು ತೆಗೆ ಎಂದೆ. ಬದು, ಮರದ ನೆರಳು, ಗೊಬ್ಬರದ ಗುಡ್ಡೆ ಹಾಕಿದ್ದ ಜಾಗ ಬಿಟ್ಟು, ಅಂಕುಡೊಂಕಾಗಿ ನಡೆಯುತ್ತ ಹದಿನೈದು ಕಡೆ, ಹದಿನೈದು ಸೆಂಟಿಮೀಟರ್ ಆಳಕ್ಕೆ. ಸತುವಿನ ಲೇಪವಿರುವ ತಗಡಿನ ಬಕೆಟ್ ಬೇಡ, ಸತುವಿನ ಅಂಕಿ ಸುಳ್ಳಾಗುತ್ತದೆ, ಪ್ಲಾಸ್ಟಿಕ್ಕಿನದು ತೆಗೆದುಕೋ. ನೆರಳಿನಲ್ಲಿ ಒಣಗಿಸಿ ಚೆನ್ನಾಗಿ ಬೆರೆಸು. ಒಂದೇ ರಾಶಿಯಿಂದ ಎರಡು ಚೀಲ ತುಂಬಿ, ‘ಅ’ ಮತ್ತು ‘ಆ’ ಎಂದು ಗುರುತು ಹಾಕಿ ಒಂದೇ ದಿನ ಕೊಡು. ರಂಜಕಕ್ಕೆ ಯಾವ ವಿಧಾನ ಬಳಸಿದಿರಿ, ಅಂಕಿ ಧಾತುವಿನದೋ ಪೆಂಟಾಕ್ಸೈಡಿನದೋ ಎಂದು ಕೇಳಿ, ಅವರ ಕೈಯಲ್ಲೇ ವರದಿಯ ಮೂಲೆಯಲ್ಲಿ ಬರೆಸಿಕೊಂಡು ಬಾ. ಅವನು ನಿನ್ನೆ ಎರಡೂ ಚೀಲಗಳನ್ನು ಕೊಟ್ಟು ಬಂದಿದ್ದಾನೆ.