ನೆತ್ತಿ ತುರಿಸಿದ್ದೇ ತಪ್ಪಾಯಿತು

ಇವತ್ತು ಮಂಗಳವಾರ. ಕಚೇರಿಯಲ್ಲಿ ತಲೆ ಕೆರೆದುಕೊಳ್ಳಲು ಕೈ ಎತ್ತುವ ಮೊದಲು ಈಗಲೂ ಒಮ್ಮೆ ಹಿಂದೆ ತಿರುಗಿ ನೋಡುತ್ತಿದ್ದೇನೆ.

ಭಾನುವಾರ ಬೆಳಗ್ಗೆ 5.30ಕ್ಕೆ ನೆಲಮಂಗಲ ದಾಟಿ ಸಿಗುವ ಪೆಟ್ರೋಲ್ ಬಂಕಿನಲ್ಲಿ ಸೇರಬೇಕು, ಟ್ಯಾಂಕ್ ಹಿಂದಿನ ರಾತ್ರಿಯೇ ತುಂಬಿಸಿರಬೇಕು, ಯಾರಿಗಾಗಿಯೂ ಕಾಯುವುದಿಲ್ಲ ಎಂದು ನಮ್ಮ ಬೈಕ್ ಸವಾರರ ಗುಂಪಿನಲ್ಲಿ ಸಂದೇಶ ಬಂದಿತ್ತು. ಸಾಲ ಮಾಡಿ ಟೂರಿಂಗ್ ಬೈಕ್ ಕೊಂಡು ಎರಡೇ ತಿಂಗಳಾಗಿದ್ದ ನಾನು ಅದನ್ನು ನಂಬಿದೆ. ಉಳಿದ ಹತ್ತು ಜನ ಬಂದು ಮುಗಿಯುವಾಗ 6.50. ಬಂದವರು ಮಾಡಿದ ಮೊದಲ ಕೆಲಸ ಪೆಟ್ರೋಲಿಗೆ ಸಾಲು ನಿಂತದ್ದು.

ನಮ್ಮ ಕ್ಯಾಪ್ಟನ್ ವಾರವಿಡೀ ಸಾಲದ ಅರ್ಜಿ ನೋಡುವ ಮನುಷ್ಯ. ಅಂದು ಮಾತ್ರ ಎದೆ, ಮೊಣಕೈ, ಮಂಡಿಗೆಲ್ಲ ಕವಚ ಕಟ್ಟಿಕೊಂಡು ಕುರುಕ್ಷೇತ್ರಕ್ಕೆ ಹೊರಟವರಂತಿದ್ದರು. ಇಪ್ಪತ್ತು ನಿಮಿಷ ಉಪದೇಶವೂ ಆಯಿತು. ಟ್ಯಾಂಕ್ ತಟ್ಟಿದರೆ ಪೆಟ್ರೋಲ್ ಬೇಕು. ಕಾಲು ಚಾಚಿದರೆ ಆ ಬದಿಯಲ್ಲಿ ಗುಂಡಿ. ಹೆಲ್ಮೆಟ್ಟಿನ ನೆತ್ತಿ ತಟ್ಟಿದರೆ ಮುಂದೆ ಪೊಲೀಸರು. ಮುಂದಿನವರು ಕೊಟ್ಟ ಸಂಕೇತವನ್ನು ಹಿಂದಿನವರು ಚಾಚೂ ತಪ್ಪದೆ ದಾಟಿಸಬೇಕು.

ಗುರಿ ಶ್ರವಣಬೆಳಗೊಳ, ಸುಮಾರು 145 ಕಿ.ಮೀ. ಅಲ್ಲಿಗೇ ಹೊರಟಿದ್ದ ಕೆಂಪು ಬಸ್ಸೊಂದನ್ನು ಗತ್ತಿನಿಂದ ಹಿಂದೆ ಹಾಕಿದೆವು. ಕುಣಿಗಲ್ ದಾಟಿದ ಮೇಲೆ ನನ್ನ ನೆತ್ತಿಯಲ್ಲಿ ನವೆ ಶುರುವಾಯಿತು. ಹೆಲ್ಮೆಟ್ ಒಳಗಿನ ನವೆಗೆ ಮದ್ದಿಲ್ಲ. ಹುಬ್ಬು ಕುಣಿಸಿದೆ, ಕತ್ತು ಹೊರಳಿಸಿದೆ, ದೇವರ ಹೆಸರು ಹೇಳಿದೆ. ಕಡೆಗೆ ತಾಳಲಾರದೆ ಎಡಗೈ ಎತ್ತಿ ಹೆಲ್ಮೆಟ್ಟಿನ ಮೇಲೆ ಎರಡು ಬಾರಿ ತಟ್ಟಿಕೊಂಡೆ.

ಹಿಂದಿನವರು ತಟ್ಟಿಕೊಂಡರು. ಅವರ ಹಿಂದಿನವರೂ ತಟ್ಟಿಕೊಂಡರು. ಕನ್ನಡಿಯಲ್ಲಿ ನೋಡಿದರೆ, ಗಣಪತಿಯ ಮುಂದೆ ತಲೆಗೆ ಕುಟ್ಟಿಕೊಳ್ಳುವ ಭಕ್ತರಂತೆ ಏಳು ಜನ ಸಾಲಾಗಿ! ಹೊಗೆ ತಪಾಸಣೆ ಪತ್ರದ ಅವಧಿ ಮುಗಿದಿದ್ದ ಒಬ್ಬರು ಎಡಕ್ಕೆ ಇಳಿಸಿ ಹುಣಸೆ ಮರದ ಮರೆಗೆ ಸರಿದರು. ಕಿವಿ ಕಿತ್ತುಹೋಗುವ ಸೈಲೆನ್ಸರ್ ಹಾಕಿಸಿದ್ದ ಇನ್ನೊಬ್ಬರು ಎಂಜಿನ್ ಆರಿಸಿ ಇನ್ನೂರು ಕೆಜಿ ಗಾಡಿಯನ್ನು ಸದ್ದಿಲ್ಲದೆ ತಳ್ಳತೊಡಗಿದರು. ಕೆಂಪು ಬಸ್ ನಮ್ಮನ್ನು ದಾಟಿ ಹೋಯಿತು. ಏನೂ ತಿಳಿಯದ ಕ್ಯಾಪ್ಟನ್ ಯಡಿಯೂರಿನಲ್ಲಿ ಅರ್ಧ ಗಂಟೆ ಕಾದರು.

"ಪೊಲೀಸರನ್ನು ಎಲ್ಲಿ ನೋಡಿದಿರಿ ಸಾರ್?"

"ನೋಡಲಿಲ್ಲ. ನವೆ."

ತಳ್ಳಿಕೊಂಡು ಬಂದವರು ಇಡ್ಲಿ ಮುಗಿಯುವವರೆಗೂ ನನ್ನ ಕಡೆ ನೋಡಲಿಲ್ಲ.

ಅಪ್ಪ ಇದೇ ದಾರಿಯಲ್ಲಿ ನನ್ನನ್ನು ಯೆಜ್ಡಿ ಬೈಕಿನ ಟ್ಯಾಂಕಿನ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದರು. ಮೈಸೂರಿನಲ್ಲೇ ತಯಾರಾದ ಗಾಡಿ, ಕಿಕ್ಕರ್ ಅನ್ನೇ ಮಡಿಸಿದರೆ ಅದೇ ಗೇರು. ಅವರ ಕವಚವೆಂದರೆ ಸ್ವೆಟರಿನೊಳಗೆ ಎದೆಗೆ ಅಡ್ಡ ಇಟ್ಟುಕೊಂಡ ಹಿಂದಿನ ದಿನದ ಪತ್ರಿಕೆ. ಅದು ನನ್ನ ಬೆನ್ನಿಗೆ ತಾಗಿ ಬೆಳಗೊಳದವರೆಗೂ ಸರಸರ ಎನ್ನುತ್ತಿತ್ತು. ಗುಂಡಿ ಬಂದಾಗ ನನ್ನ ತಲೆಯ ಮೇಲೆ ಗದ್ದ ಊರುತ್ತಿದ್ದರು. ನಮ್ಮಿಬ್ಬರ ನಡುವೆ ಇದ್ದದ್ದು ಆ ಒಂದು ಸಂಕೇತ.

ಹಿರೀಸಾವೆಯಲ್ಲಿ ಹೆದ್ದಾರಿ ಬಿಟ್ಟ ಮೇಲೆ ಕ್ಯಾಪ್ಟನ್ನರ ಕಾಲು ಗಾಡಿಯ ಮೇಲೆ ನಿಂತದ್ದೇ ಕಡಿಮೆ. ಬಲಗಾಲು, ಎಡಗಾಲು, ಮತ್ತೆ ಬಲಗಾಲು. ಹಿಂದೆ ಹತ್ತು ಜನರದ್ದೂ ಅದೇ ಕುಣಿತ. ಹಸು ಮೇಯಿಸುತ್ತಿದ್ದ ಅಜ್ಜಿಯೊಬ್ಬರು ಎದ್ದು ನಿಂತು ನೋಡಿದರು. ಸ್ವಲ್ಪ ದೂರದಲ್ಲೇ ಫೋಟೋಗೆಂದು ಮತ್ತೆ ನಿಂತೆವು. ಹನ್ನೊಂದು ಬೈಕ್‌ಗಳನ್ನು ಬಣ್ಣ ಹೊಂದಿಸಿ, ಓರೆಯಾಗಿ, ಮುಂದಿನ ಚಕ್ರಗಳೆಲ್ಲ ಒಂದೇ ಕಡೆ ತಿರುಗುವಂತೆ ನಿಲ್ಲಿಸುವಷ್ಟರಲ್ಲಿ ಬಿಸಿಲು ನೆತ್ತಿಗೇರಿತ್ತು.

ಆಗ ಎದುರಿನಿಂದ ಅದೇ ಕೆಂಪು ಬಸ್ ಬಂತು. ಬೆಳಗೊಳ ಮುಟ್ಟಿ, ಜನರನ್ನು ಇಳಿಸಿ, ಹತ್ತಿಸಿಕೊಂಡು, ವಾಪಸ್ ಬೆಂಗಳೂರಿಗೆ. ವೇಗ ತಗ್ಗಿತು. ಕಂಡಕ್ಟರ್ ಬಾಗಿಲಿನಿಂದ ಬಗ್ಗಿ ನಮ್ಮನ್ನು ಎಣಿಸಿ, ನಿಜವಾದ ಕಳಕಳಿಯಿಂದಲೇ ಕೇಳಿದರು: "ಎಲ್ಲವೂ ಒಟ್ಟಿಗೇ ಕೆಟ್ಟವೇ ಸಾರ್?"

ಕ್ಯಾಪ್ಟನ್ ಮಾತಾಡಲಿಲ್ಲ, ನೀವು ಹೊರಡಿ ಎಂದು ಕೈ ಬೀಸಿದರು. ಹಿಂದಿದ್ದ ಹತ್ತೂ ಜನ ಒಬ್ಬರಾದ ಮೇಲೊಬ್ಬರು ಕೈ ಬೀಸಿದೆವು.