ಸೇವೆ ಮಾಡುವವರಿದ್ದಾರೆ, ಕರೆಯುವವರಿಲ್ಲ

ಊಟಕ್ಕೆ ಕೂತಾಗ ಅಣ್ಣ ಕೇಳಿದ: "ಅಲ್ಲಿ ನೀ ಬೆಂಕಿ ಆರಸಾಕ ಹೋಗ್ತಿಯಂತಲ್ಲ, ತಿಂಗಳಿಗೆ ಎಷ್ಟು ಕೊಡ್ತಾರ?" ಪುಕ್ಕಟೆ ಅಂದೆ. ರೊಟ್ಟಿ ಮುರಿಯುತ್ತಿದ್ದ ಅವನ ಕೈ ನಿಂತಿತು. "ಹಂಗಾರ ನೀನೂ ನಮ್ಮ ಮಾಸ್ತರ ಗತೆ ಆದಿ ಬಿಡು." ವೈನಿ ಪಲ್ಯ ಬಡಿಸುತ್ತಾ ನಕ್ಕರು. ಸಿಟ್ಟಿನ ಮಾತಲ್ಲ, ಆದರೂ ಚುಚ್ಚಿತು. ಜರ್ಮನಿಯ ನಮ್ಮ ಹಳ್ಳಿಯಲ್ಲಿ ಇದೇ ಕೆಲಸಕ್ಕೆ ಬೇಕರಿಯವಳು ಸಹ ಎದ್ದು ನಮಸ್ಕಾರ ಹೇಳುತ್ತಾಳೆ.

ಮಾಸ್ತರ ಅಂದರೆ ಹುಬ್ಬಳ್ಳಿಯ ಉಣಕಲ್ಲಿನ ನಮ್ಮ ಓಣಿಯ ನಿವೃತ್ತ ಶಿಕ್ಷಕರು. ಯಾವ ಸಂಘದ ಅಧ್ಯಕ್ಷರೂ ಅಲ್ಲ, ಲೆಟರ್‌ಹೆಡ್ಡೂ ಇಲ್ಲ. ಸ್ಕೂಟರಿನ ಡಿಕ್ಕಿಯಲ್ಲಿ ಒಂದು ಬ್ಯಾಟರಿ, ಹಗ್ಗ, ಹತ್ತಿ, ಪಟ್ಟಿ, ದುರ್ಗದಬೈಲಿನಲ್ಲಿ ಸ್ವಂತ ದುಡ್ಡು ಕೊಟ್ಟು ತಂದ ಹೊಳೆಯುವ ಜಾಕೀಟು, ಮತ್ತೆ ಒಂದು ಡೈರಿ. ಡೈರಿ ತುಂಬ ನಂಬರು. ಲೈನ್‌ಮನ್, ನೀರು ಬಿಡುವವನು, ಆ್ಯಂಬುಲೆನ್ಸ್ ಡ್ರೈವರು, ವಾರ್ಡಿನವರು. ಎಲ್ಲಿ ಕಂಬ ವಾಲಿದರೂ, ಯಾರು ಬೈಕಿನಿಂದ ಬಿದ್ದರೂ ಮೊದಲು ಫೋನು ಬರುವುದು ಅವರಿಗೆ. ಅವರು ಡೈರಿ ತೆಗೆದು ಮುಂದಿನವರಿಗೆ ಫೋನು ಹಚ್ಚುತ್ತಾರೆ, ಹಚ್ಚುತ್ತಲೇ ಇರುತ್ತಾರೆ.

ನನ್ನ ತಕರಾರು ಈ "ಹಚ್ಚುತ್ತಲೇ ಇರುತ್ತಾರೆ" ಅನ್ನುವುದರ ಬಗ್ಗೆ.

ನಾನಿರುವುದು ಸ್ಟುಟ್‌ಗಾರ್ಟ್ ಹತ್ತಿರದ ಒಂದು ಹಳ್ಳಿ. ಅಲ್ಲಿ ಬೆಂಕಿ ಬಿದ್ದರೆ ಸಂಬಳದ ಅಗ್ನಿಶಾಮಕರು ಬರುವುದಿಲ್ಲ, ಊರಿನವರೇ ಬರುತ್ತಾರೆ. ಬಡಗಿ, ಬ್ಯಾಂಕಿನ ಗುಮಾಸ್ತ, ಕಾಲೇಜು ಹುಡುಗಿ, ಒಬ್ಬ ಹುಬ್ಬಳ್ಳಿಯವ. ಆ ದೇಶದಲ್ಲಿ ಇಂಥ ಸ್ವಯಂಸೇವಕರು ಹತ್ತಿರ ಹತ್ತಿರ 10 ಲಕ್ಷ ಮಂದಿ. ಸಂಬಳದ ದಳ ಇರುವುದು ನೂರು ಚಿಲ್ಲರೆ ನಗರಗಳಲ್ಲಿ ಮಾತ್ರ. ಯಾರೋ 112ಕ್ಕೆ ಫೋನು ಮಾಡಿದರೆ ನಮ್ಮ ಸೊಂಟದ ಪೇಜರು ಕೂಗುತ್ತದೆ. ಆಫೀಸಿನಲ್ಲಿದ್ದರೆ ಎದ್ದು ಓಡಬೇಕು, ಕಾನೂನಿನ ಪ್ರಕಾರ ಮಾಲೀಕ ತಡೆಯುವಂತಿಲ್ಲ, ಪಗಾರ ಹಿಡಿಯುವಂತಿಲ್ಲ. ಗಾಯವಾದರೆ ಸರಕಾರದ ವಿಮೆ. ಸೇರಿದ ಹೊಸದರಲ್ಲಿ ನನ್ನ ಕಾಲಿನ ಅಳತೆ ತೆಗೆದು ಬೂಟು ಕೊಟ್ಟರು, ಹೆಲ್ಮೆಟ್ಟಿಗೆ ಹೆಸರು ಅಂಟಿಸಿದರು, ಆಮೇಲೆ ಸುಮಾರು 70 ತಾಸಿನ ಮೊದಲ ತರಬೇತಿ. ಪೈಪು ಸುತ್ತುವುದು ಒಂದೇ ಕಲಿಯಲು ನನಗೆ ಎರಡು ಶನಿವಾರ ಹಿಡಿಯಿತು, ಅದು ಬೇರೆ ಮಾತು.

ಅಲ್ಲಿ ಸರಕಾರ ಸ್ವಯಂಸೇವಕನಿಗೆ ಫೋನು ಮಾಡುತ್ತದೆ. ಇಲ್ಲಿ ಸ್ವಯಂಸೇವಕ ಸರಕಾರಕ್ಕೆ ಫೋನು ಮಾಡುತ್ತಾನೆ. ನಂಬರೇನೋ ಎರಡೂ ಕಡೆ ಈಗ ಅದೇ 112.

ನಮ್ಮ ಓಣಿಯ ತಿರುವಿನಲ್ಲಿ ಗಟಾರದ ಮೇಲಿನ ಹಾಸುಗಲ್ಲು ಒಡೆದು ಒಂದಾಳು ಇಳಿಯುವಷ್ಟು ಬಾಯಿ ಬಿದ್ದಿತ್ತು. ಬೀದಿ ದೀಪವೂ ಸರಿಯಾಗಿ ಅದೇ ಕಂಬದ್ದು ಕೆಟ್ಟಿತ್ತು. ಮಳೆಗಾಲದಲ್ಲಿ ನೀರು ನಿಂತರೆ ರಸ್ತೆ ಯಾವುದು, ಗಟಾರ ಯಾವುದು ಗೊತ್ತಾಗುವುದಿಲ್ಲ. ಮಾಸ್ತರ ಒಂದು ಜಾಲಿ ಟೊಂಗೆ ತಂದು ಆ ಬಾಯಿಗೆ ಸಿಗಿಸಿ ತುದಿಗೆ ಕೆಂಪು ಅರಿವೆ ಕಟ್ಟಿದರು, ಸಂಬಂಧಪಟ್ಟ ಕಚೇರಿಗೆ ಫೋನು ಮಾಡಿದರು. ಸಾಹೇಬರು ಮೀಟಿಂಗಿನಲ್ಲಿದ್ದರು. ಮರುದಿನ ಸೈಟಿನಲ್ಲಿದ್ದರು. ಆಮೇಲೆ ಬರವಣಿಗೆಯಲ್ಲಿ ಕೊಡಿ ಅಂದರು, ಕೊಟ್ಟರು. ನಾನು ಹೋದಾಗ ಟೊಂಗೆ ಒಣಗಿ ಅರಿವೆ ಬಣ್ಣ ಬಿಟ್ಟಿತ್ತು. ಅವರ ಜೊತೆ ನಾನೂ ಕಚೇರಿಗೆ ಹೋದೆ. ಕುರ್ಚಿಯಲ್ಲಿದ್ದವರು ತಾಳ್ಮೆಯಿಂದಲೇ ಕೇಳಿಸಿಕೊಂಡು ಹೇಳಿದ್ದು: "ಟೊಂಗಿ ಹಚ್ಚೀರಲ್ರಿ ಸರ, ಸದ್ಯಕ್ಕ ಯಾರೂ ಬೀಳಂಗಿಲ್ಲ. ಅದಕ್ಕಿಂತ ಅರ್ಜೆಂಟ್ ಕೆಲಸ ಭಾಳ ಅದಾವು."

ಅಂದರೆ ಮಾಸ್ತರ ಟೊಂಗೆ ಹಚ್ಚದೇ ಇದ್ದಿದ್ದರೆ ಹೊಸ ಹಾಸುಗಲ್ಲು ಬೇಗ ಕೂರುತ್ತಿತ್ತೇನೋ. ಯಾರಾದರೂ ಬಿದ್ದು ಕಾಲು ಮುರಿದುಕೊಂಡು ಪತ್ರಿಕೆಯಲ್ಲಿ ಬಂದಿದ್ದರೆ ಇನ್ನೂ ಬೇಗ. ಒಳ್ಳೆಯವರ ಕೆಲಸವನ್ನೇ ವ್ಯವಸ್ಥೆ ತನ್ನ ರಜೆ ಚೀಟಿ ಮಾಡಿಕೊಂಡರೆ ಹೇಗೆ? ಮಾಸ್ತರಿಗೆ ಮಾತ್ರ ಸಿಟ್ಟಿಲ್ಲ. "ಅವರಿಗೂ ಮಂದಿ ಕಡಿಮಿ ಅದಾರಪಾ, ಒಬ್ಬಾವ ಮೂರು ವಾರ್ಡ್ ನೋಡ್ತಾನ" ಅನ್ನುತ್ತಾರೆ. ಈ ಸೈರಣೆಯೇ ನನ್ನನ್ನು ಹೆಚ್ಚು ಕೆರಳಿಸುತ್ತದೆ.

ಊರಿಗೆ ಭಾರ ಹೆಚ್ಚಾಗಿದೆ ಅನ್ನುವುದು ಸುಳ್ಳಲ್ಲ. ಹುಬ್ಬಳ್ಳಿಯ ಕಿಮ್ಸ್ ಅನ್ನೇ ತೆಗೆದುಕೊಳ್ಳಿ. 1957ರಲ್ಲಿ ಶುರುವಾದ ಕಾಲೇಜಿನ ಆಸ್ಪತ್ರೆ. ಇವತ್ತು ಗದಗ, ಹಾವೇರಿ, ಕೊಪ್ಪಳ, ಬಾಗಲಕೋಟೆಯಿಂದ ಹಿಡಿದು ಉತ್ತರ ಕನ್ನಡದ ಘಟ್ಟದ ಕೆಳಗಿನವರೆಗೆ, ಕೈ ಮೀರಿದ ಕೇಸುಗಳೆಲ್ಲ ಅಲ್ಲಿಗೇ ಬರುತ್ತವೆ. ವಿದ್ಯಾನಗರದ ಗೇಟಿನ ಮುಂದೆ ಸಂಜೆ ಅರ್ಧ ತಾಸು ನಿಂತರೆ ಸಾಕು, ಆ್ಯಂಬುಲೆನ್ಸುಗಳ ಬೋರ್ಡು ಓದುತ್ತಲೇ ಉತ್ತರ ಕರ್ನಾಟಕದ ಭೂಗೋಳ ಪಾಠವಾಗುತ್ತದೆ. ಆ ಆ್ಯಂಬುಲೆನ್ಸಿನ ಹಿಂದೆ ಎರಡು ಬೈಕು ಅಂಟಿಕೊಂಡೇ ಬರುತ್ತವೆ, ಸಿಗ್ನಲ್ ಪುಕ್ಕಟೆ ದಾಟಲಿಕ್ಕೆ. ಜರ್ಮನಿಯ ಹೆದ್ದಾರಿಯಲ್ಲಿ ಸೈರನ್ ಕೇಳುವ ತನಕ ಕಾಯುವುದಿಲ್ಲ. ವಾಹನಗಳು ಕಟ್ಟಿಕೊಂಡ ಕೂಡಲೇ ಎಡದ ಸಾಲು ಎಡಕ್ಕೆ, ಉಳಿದವು ಬಲಕ್ಕೆ ಸರಿದು ನಡುವೆ ದಾರಿ ಬಿಟ್ಟು ನಿಲ್ಲುತ್ತವೆ. ಬಿಡದಿದ್ದರೆ 200 ಯೂರೋದಿಂದ ದಂಡ ಶುರು.

ಕಾನೂನು ನಮ್ಮಲ್ಲೂ ಇದೆ. ಅಪಘಾತದಲ್ಲಿ ನೆರವಾದವರನ್ನು ಕಾಡಬಾರದು ಅಂತ 2016ರಲ್ಲಿ ಸುಪ್ರೀಂ ಕೋರ್ಟ್ ಮಾರ್ಗಸೂಚಿಗೆ ಮುದ್ರೆ ಒತ್ತಿತು. ಅದೇ ವರ್ಷ ಕರ್ನಾಟಕ ತನ್ನದೇ ಮಸೂದೆ ಪಾಸು ಮಾಡಿತು, 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು, 2019ರಲ್ಲಿ ಮೋಟಾರು ವಾಹನ ಕಾಯ್ದೆಗೂ ಅದು ಸೇರಿತು. ಆದರೆ ಓಣಿಯ ಗಣಪತಿ ಮಂಡಳದ ಹುಡುಗರನ್ನು ಕೂಡಿಸಿ, ಎದೆ ಒತ್ತಿ ಉಸಿರು ತರಿಸುವುದು ಹೇಗೆ ಅಂತ ದಿಂಬಿನ ಮೇಲೆ ತೋರಿಸಿದೆನಲ್ಲ, ಮೊದಲು ಬಂದ ಪ್ರಶ್ನೆ: "ಸತ್ತು ಗಿತ್ತು ಹೋದ್ರ ನಮ್ಮ ಮ್ಯಾಲೆ ಕೇಸ್ ಆಗಂಗಿಲ್ಲಲ್ರಿ ಕಾಕಾ?" ಕಾಯ್ದೆ ಬಂದು ಇಷ್ಟು ವರ್ಷವಾದರೂ ಓಣಿಗೆ ಮುಟ್ಟಿಲ್ಲ. ನಮ್ಮ ಕಾನೂನು ನೆರವಾದರೆ ಕಾಡುವುದಿಲ್ಲ ಅನ್ನುತ್ತದೆ, ಅಲ್ಲಿಯದು ನೆರವಾಗದಿದ್ದರೆ ಶಿಕ್ಷೆ ಅನ್ನುತ್ತದೆ. ಪ್ರಥಮ ಚಿಕಿತ್ಸೆಯ ಪಾಠ ಆಗದೇ ಅಲ್ಲಿ ಕಾರಿನ ಲೈಸೆನ್ಸೇ ಸಿಗುವುದಿಲ್ಲ. ನನಗೆ ಹುಬ್ಬಳ್ಳಿಯಲ್ಲಿ ಲೈಸೆನ್ಸ್ ಸಿಕ್ಕ ಕಥೆ ಇಲ್ಲಿ ಬೇಡ.

ನಮ್ಮವರು ಓಡಿ ಬರುವುದಿಲ್ಲ ಅಂತ ಯಾರಾದರೂ ಅಂದರೆ ನಾನು ಜಗಳಕ್ಕೆ ನಿಲ್ಲುತ್ತೇನೆ. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದಾಗ ಸುತ್ತಲಿನ ಜನ ಬರಿಗೈಲಿ ಸಿಮೆಂಟು ಚೂರು ಎತ್ತಿ ಹಾಕಿದರು. ದೊಡ್ಡ ಯಂತ್ರಗಳೂ ವಿಪತ್ತು ದಳವೂ ಬಂದದ್ದು ಅದಾದ ಮೇಲೆ. 19 ಜನ ಸತ್ತರು, ಆದರೆ ಎರಡು ದಿನ ದಾಟಿದ ಮೇಲೂ ಅವಶೇಷದಡಿಯಿಂದ ಜೀವಂತ ಬಂದವರಿದ್ದರು. 2021ರ ಸಂಕ್ರಾಂತಿ ಮರುದಿನ ಇಟಿಗಟ್ಟಿ ಹತ್ತಿರ, ದಾವಣಗೆರೆಯಿಂದ ಗೋವಾಕ್ಕೆ ಹೊರಟಿದ್ದ ಗೆಳತಿಯರ ವಾಹನ ಟಿಪ್ಪರಿಗೆ ಡಿಕ್ಕಿಯಾಗಿ ಹತ್ತಕ್ಕೂ ಹೆಚ್ಚು ಜನ ಹೋದರು. ಪುಣೆಯಿಂದ ಬೆಂಗಳೂರಿನವರೆಗಿನ ಅಗಲ ಹೆದ್ದಾರಿ ನಮ್ಮ ಹುಬ್ಬಳ್ಳಿ-ಧಾರವಾಡ ಬೈಪಾಸಿಗೆ ಬಂದು ಸುಮಾರು 30 ಕಿ.ಮೀ. ಸಣ್ಣದಾಗುತ್ತಿತ್ತು, ಅಗಲೀಕರಣ ಶುರುವಾದದ್ದು ಅಷ್ಟು ಹೆಣ ಬಿದ್ದ ಮೇಲೆ. ಆ ರಸ್ತೆಯ ಬದಿಯ ಹಳ್ಳಿಗಳಲ್ಲಿ ಮಾಸ್ತರರಂಥವರು ಎಷ್ಟೋ ಜನ. ರಕ್ತ ಹತ್ತಿದ ಅಂಗಿ ಎಷ್ಟು ತೊಳೆದಿದ್ದಾರೋ. ಒಬ್ಬರಿಗೂ ಒಂದು ಸ್ಟ್ರೆಚರು ಕೊಟ್ಟವರಿಲ್ಲ. ನವೆಂಬರಿನಲ್ಲಿ ಶಾಲು, ಹಾರ, ಹಣ್ಣಿನ ಬುಟ್ಟಿ ಕೊಡುತ್ತಾರೆ. ಗೃಹರಕ್ಷಕ ದಳವೂ ಇದೆ, ಆದರೆ ಹಬ್ಬ, ಚುನಾವಣೆ ಬಂದೋಬಸ್ತಿನಲ್ಲೇ ಅವರ ವರ್ಷ ಕಳೆಯುತ್ತದೆ. ಹುಬ್ಬಳ್ಳಿಯ ಗಣಪತಿ ವಿಸರ್ಜನೆಯನ್ನು ಬೆಳಗಿನ ತನಕ ಸಂಭಾಳಿಸುವ ಹುಡುಗರಿಗೆ ಶಿಸ್ತು ಗೊತ್ತಿಲ್ಲ ಅನ್ನುವ ಹಾಗಿಲ್ಲ. ವಾರ್ಡಿಗೆ ಹತ್ತು ಹುಡುಗರನ್ನು ಆರಿಸಿ, ಎರಡು ತಿಂಗಳು ಭಾನುವಾರ ಕಲಿಸಿ, ವಿಮೆ ಮಾಡಿಸಿ, ಕರೆ ಬಂದಾಗ ಹತ್ತಿರದವನ ಫೋನಿಗೂ ಅದು ಹೋಗುವಂತೆ ಮಾಡಲು ಎಷ್ಟು ಖರ್ಚಾದೀತು?

ಇಷ್ಟೆಲ್ಲ ಅಂದ ಮೇಲೆ ಅಲ್ಲಿಯ ಹುಳುಕನ್ನೂ ಹೇಳಬೇಕು, ಮನಸ್ಸಿಲ್ಲದಿದ್ದರೂ. ನಮ್ಮ ಹಳ್ಳಿಯ ಅಗ್ನಿದಳ ರಾತ್ರಿ ಗಟ್ಟಿ, ಹಗಲು ಪೊಳ್ಳು. ಎಲ್ಲರೂ ಪೇಟೆಗೆ ನೌಕರಿಗೆ ಹೋಗಿರುತ್ತಾರೆ. ಕಳೆದ ಚಳಿಗಾಲದ ಒಂದು ಮಧ್ಯಾಹ್ನದ ಕರೆಗೆ ನಾವು ನಾಲ್ಕೇ ಜನ ಕೂಡಿದ್ದು, ಪಕ್ಕದೂರಿನ ಗಾಡಿ ಬರುವವರೆಗೆ ಅಸಹಾಯಕರಾಗಿ ನಿಂತಿದ್ದೆವು. 2021ರ ಜುಲೈ ಪ್ರವಾಹದಲ್ಲಿ ಅಲ್ಲಿಯ ಆರ್ ನದಿಯ ಕಣಿವೆಯಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು, ಅಷ್ಟು ಯಂತ್ರ ತಂತ್ರ ಇರುವ ದೇಶದಲ್ಲಿ ಎಚ್ಚರಿಕೆಯೇ ಎಷ್ಟೋ ಮನೆಗಳಿಗೆ ಸಮಯಕ್ಕೆ ಮುಟ್ಟಲಿಲ್ಲ. ಇನ್ನೊಂದು, ಹೇಳಲು ಕಷ್ಟ. ಬಾಗಿಲು ಒಡೆಯುವ ಕರೆಗಳು ಅಲ್ಲಿ ಬಹಳ. ಒಬ್ಬರೇ ಇರುವ ಮುದುಕರು ಒಳಗೆ ಬಿದ್ದಿರುತ್ತಾರೆ, ಕೆಲವರು ಎರಡು ದಿನದಿಂದ. ಪತ್ರದ ಡಬ್ಬಿ ತುಂಬಿದಾಗ ನೆರೆಯವರಿಗೆ ಸಂಶಯ ಬರುತ್ತದೆ. ನಮ್ಮವ್ವ ಬೆಳಿಗ್ಗೆ ಏಳಕ್ಕೆ ಬಾಗಿಲಿಗೆ ನೀರು ಹಾಕಿಲ್ಲ ಅಂದರೆ ಏಳೂಕಾಲಕ್ಕೆ ಓಣಿಯ ಮೂವರು ಹೆಣ್ಣುಮಕ್ಕಳು ಕಟ್ಟೆಯ ಮೇಲೆ ನಿಂತಿರುತ್ತಾರೆ. ಇದಕ್ಕೆ ಪೇಜರೂ ಬೇಕಿಲ್ಲ, ವಿಮೆಯೂ ಬೇಕಿಲ್ಲ. ಈ ಒಂದು ಲೆಕ್ಕದಲ್ಲಿ ಜರ್ಮನರು ನಮ್ಮ ಓಣಿಗೆ ಬಂದು ಕಲಿಯಬೇಕು, ಒಪ್ಪಿದೆ.

ಆದರೆ ಆ ಓಣಿಯಲ್ಲೂ ಈಗ ಬೀಗ ಬಿದ್ದ ಮನೆಗಳಿವೆ. ಮಕ್ಕಳು ಬೆಂಗಳೂರು, ಪುಣೆ, ನನ್ನಂಥವರು ಇನ್ನೂ ದೂರ. ಮಾಸ್ತರಿಗೆ ಎಪ್ಪತ್ತು ಹತ್ತಿರ ಬಂತು, ರಾತ್ರಿ ಸ್ಕೂಟರು ಬೇಡ ಅಂತ ಮನೆಯವರು ಬೈಯುತ್ತಾರೆ. ದಿಂಬಿನ ಪಾಠಕ್ಕೆ ಬಂದ ಹುಡುಗರು ಅವರ ಡೈರಿಯ ನಂಬರುಗಳನ್ನೆಲ್ಲ ತಮ್ಮ ಫೋನಿಗೆ ಹಾಕಿಕೊಂಡರು. ಅವರಲ್ಲಿ ಇಬ್ಬರಿಗೆ ಆಗಲೇ ಪುಣೆಯ ಕಂಪನಿಯಿಂದ ಆಫರ್ ಲೆಟರ್ ಬಂದಿದೆ.